ಮುಟ್ಟಿ ಅರಿಯುವುದು

ಒಂದು ಅಣು ಎಲ್ಲಿಗೆ ಹೋಗುತ್ತದೆ, ಏನು ಮಾಡುತ್ತದೆ ಎಂದು ನೋಡಲು ಅದಕ್ಕೆ ಇನ್ನೇನನ್ನೋ ಅಂಟಿಸಿದೆವು ಅನ್ನೋಣ. ಆಮೇಲೆ ನಾವು ನೋಡುತ್ತಿರುವುದು ಮೊದಲಿನ ಅಣುವನ್ನೋ, ನಾವೇ ಹುಟ್ಟಿಸಿದ ಬೇರೊಂದನ್ನೋ? ಜೀವಕೋಶದೊಳಗೆ ಸಂಕೇತ ಒಯ್ಯುವ ಲಿಪಿಡ್‌ಗಳನ್ನು, ಅಂದರೆ ಕೊಬ್ಬಿನ ಅಣುಗಳನ್ನು, ಅಭ್ಯಾಸ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಸಹಜ ಸ್ಥಿತಿಯನ್ನು ಕೆಡಿಸಿ ಪಡೆದ ತಿಳಿವಳಿಕೆಗೆ ಏನು ಬೆಲೆ ಎಂಬ ಆಕ್ಷೇಪ ಅದರೊಳಗಿದೆ. ಆಕ್ಷೇಪ ನ್ಯಾಯವಾದದ್ದೇ. ಆದರೆ ಮುಟ್ಟದೆ ನೋಡುವ ದಾರಿ ಬೇರೆಲ್ಲೋ ಇದೆ ಎಂದು ಅದು ನಂಬಿಕೊಂಡಿದೆಯಲ್ಲ, ಆ ನಂಬಿಕೆಯಲ್ಲಿ ಹುರುಳಿಲ್ಲ.

ಕೊಬ್ಬು ಎಂದರೆ ಶೇಖರಣೆ, ಇಲ್ಲವೇ ಕೋಶಪೊರೆಯ ಗೋಡೆ ಎಂಬುದೇ ಬಹುಕಾಲದ ತಿಳಿವಳಿಕೆಯಾಗಿತ್ತು. 1953ರಲ್ಲಿ ಮೇಬಲ್ ಹಾಕಿನ್ ಮತ್ತು ಲೋವೆಲ್ ಹಾಕಿನ್ ದಂಪತಿ ಪಾರಿವಾಳದ ಮೇದೋಜೀರಕ ಗ್ರಂಥಿಯ ತೆಳು ಹೋಳುಗಳಿಗೆ ಅಸಿಟೈಲ್‌ಕೋಲಿನ್ ಕೊಟ್ಟಾಗ, ವಿಕಿರಣಶೀಲ ರಂಜಕ ಪೊರೆಯ ಕೆಲವು ಲಿಪಿಡ್‌ಗಳಿಗೆ ಇದ್ದಕ್ಕಿದ್ದಂತೆ ಹೆಚ್ಚಾಗಿ ಸೇರತೊಡಗಿತು. ಗೋಡೆಯ ಇಟ್ಟಿಗೆ ಯಾಕೆ ಹೀಗೆ ಅವಸರದಲ್ಲಿ ಬದಲಾಗಬೇಕು? ಪೂರ್ತಿ ಉತ್ತರಕ್ಕೆ ಮೂವತ್ತು ವರ್ಷ ಹಿಡಿಯಿತು. ಕೋಶಪೊರೆಯ ಲಿಪಿಡ್‌ಗಳಲ್ಲಿ ನೂರಕ್ಕೆ ಒಂದರಷ್ಟೇ ಇರುವ ಪಿಐಪಿ2 ಎಂಬುದು ಸೀಳಿ, ಒಂದು ತುಂಡಾದ ಡಯಾಸಿಲ್‌ಗ್ಲಿಸರಾಲ್ ಪೊರೆಯಲ್ಲೇ ಉಳಿಯುತ್ತದೆ; ಇನ್ನೊಂದು ತುಂಡಾದ ಐಪಿ3 ಒಳಗೆ ಹೋಗಿ ಕ್ಯಾಲ್ಸಿಯಂ ಬಿಡಿಸುತ್ತದೆ ಎಂದು 1983ರಲ್ಲಿ ಮೈಕೆಲ್ ಬೆರಿಡ್ಜ್ ಮತ್ತು ಸಂಗಡಿಗರು ತೋರಿಸಿದರು.

ಇಂಥ ಅಣುಗಳನ್ನು ಅಳೆಯುವ ಹಳೆಯ ದಾರಿ ಎಂದರೆ ಕೋಶಗಳನ್ನು ಒಡೆದು, ದ್ರಾವಕದಲ್ಲಿ ಕೊಬ್ಬನ್ನು ಬೇರ್ಪಡಿಸಿ, ತೂಕ ನೋಡುವುದು. ಇಲ್ಲಿ ಅಣುವಿಗೆ ಏನನ್ನೂ ಅಂಟಿಸುವುದಿಲ್ಲವಾದ್ದರಿಂದ ಇದನ್ನು ಶುದ್ಧ ಎನ್ನುವವರಿದ್ದಾರೆ. ಕೋಶವನ್ನೇ ಕೊಂದು ಪಡೆದ ಶುದ್ಧಿ ಅದು. ಯಾವ ಪೊರೆಯಲ್ಲಿ, ಯಾವ ಕ್ಷಣದಲ್ಲಿ ಎಂಬ ಸಂಗತಿಗಳು ದ್ರಾವಕದಲ್ಲಿ ಕರಗಿಹೋಗಿರುತ್ತವೆ. ಸಂಕೇತದ ಅರ್ಥವಿರುವುದು ಆ ಎರಡು ಸಂಗತಿಗಳಲ್ಲೇ.

ಪ್ರೋಟೀನ್ ಅಭ್ಯಾಸಿಗಳಿಗೆ ಈ ಕಷ್ಟ ಅಷ್ಟಿಲ್ಲ. 2008ರ ನೊಬೆಲ್ ತಂದುಕೊಟ್ಟ ಹಸಿರು ಹೊಳಪಿನ ಪ್ರೋಟೀನ್ ಜಿಎಫ್‌ಪಿಯ ಜೀನನ್ನು ತಮಗೆ ಬೇಕಾದ ಜೀನಿಗೆ ಹೊಲಿದರೆ ಆಯಿತು. ಲಿಪಿಡ್‌ಗೆ ತನ್ನದೇ ಜೀನ್ ಇಲ್ಲ. ಕಿಣ್ವಗಳು ಸಾಲಾಗಿ ಕೈ ಹಾಕಿ ಅದನ್ನು ತಯಾರಿಸುತ್ತವೆ. ಅದಕ್ಕಾಗಿ 1998ರಲ್ಲಿ ಒಂದು ಬಳಸುದಾರಿ ಹಿಡಿದರು: ಪಿಐಪಿ2ಗೆ ಅಂಟುವ ಪ್ರೋಟೀನ್ ತುಣುಕೊಂದಕ್ಕೆ ಜಿಎಫ್‌ಪಿ ಜೋಡಿಸಿ, ಆ ತುಣುಕು ಎಲ್ಲಿ ಹೊಳೆಯುತ್ತದೋ ಅಲ್ಲಿ ಲಿಪಿಡ್ ಇದೆ ಎಂದುಕೊಳ್ಳುವುದು. ಜಾಣತನದ ದಾರಿ, ಸಂಶಯವಿಲ್ಲ. ಆದರೆ ಆ ತುಣುಕು ಐಪಿ3ಗೂ ಅಂಟುತ್ತದೆ. ಪೊರೆಯ ಹೊಳಪು ತಗ್ಗಿದರೆ ಪಿಐಪಿ2 ಕಡಿಮೆಯಾಯಿತೋ ಐಪಿ3 ಹೆಚ್ಚಾಯಿತೋ ಹೇಳುವುದು ಕಷ್ಟ. ತುಣುಕು ಜಾಸ್ತಿಯಾದರಂತೂ ಇರುವ ಪಿಐಪಿ2ವನ್ನೆಲ್ಲ ಅದೇ ಹಿಡಿದಿಟ್ಟುಕೊಂಡು, ಕೋಶದ ಕೆಲಸಕ್ಕೆ ಏನೂ ಉಳಿಸುವುದಿಲ್ಲ.

ಹಾಗಿದ್ದರೆ ಲಿಪಿಡ್‌ಗೇ ನೇರವಾಗಿ ಬಣ್ಣ ಅಂಟಿಸಬಾರದೇಕೆ? ಅಂಟಿಸಿದ್ದಾರೆ. ಹಸುವಿನ ಕೊರಳಿಗೆ ಗಂಟೆ ಕಟ್ಟಬಹುದು, ಇರುವೆಗೆ ಕಟ್ಟಿದರೆ ಇರುವೆ ನಡೆಯುವುದಿಲ್ಲ. ಸ್ಫಿಂಗೊಸಿನ್ ಎಂಬ ಲಿಪಿಡ್‌ನ ಅಣುತೂಕ ಸುಮಾರು 300 ಡಾಲ್ಟನ್. ರೂಢಿಯಲ್ಲಿರುವ ಬಣ್ಣಗಳೂ ಹೆಚ್ಚುಕಡಿಮೆ ಅಷ್ಟೇ ಭಾರ. ಎನ್‌ಬಿಡಿ ಎಂಬ ಬಣ್ಣವನ್ನು ಲಿಪಿಡ್‌ನ ಬಾಲಕ್ಕೆ ಸೇರಿಸಿದರೆ ಇನ್ನೊಂದು ಎಡವಟ್ಟು: ಬಣ್ಣಕ್ಕೆ ನೀರಿನ ಸೆಳೆತ ಜಾಸ್ತಿ, ಆದ್ದರಿಂದ ಪೊರೆಯ ಒಳಗಿರಬೇಕಾದ ಬಾಲವೇ ಬಾಗಿ ಮೇಲಕ್ಕೆ ಬರುತ್ತದೆ.

ಹೈಡೆಲ್‌ಬರ್ಗ್‌ನ ಯುರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಾಲಯದಲ್ಲಿ ಕಾರ್ಸ್ಟನ್ ಶುಲ್ಟ್ಸ್ ತಂಡ ಮಾಡಿದ ಕೆಲಸ ನನಗೆ ಮುಖ್ಯವೆನಿಸುವುದು ಇಲ್ಲಿ. ಮುಟ್ಟುವುದು ತಪ್ಪದು ಎಂದಾದರೆ ಎಷ್ಟು ಮುಟ್ಟುತ್ತೇವೆ, ಯಾವಾಗ ಮುಟ್ಟುತ್ತೇವೆ ಎಂಬುದಾದರೂ ನಮ್ಮ ಕೈಯಲ್ಲಿರಲಿ ಎಂಬ ಲೆಕ್ಕಾಚಾರ ಅವರದು. ಸ್ಫಿಂಗೊಸಿನ್‌ಗೆ ಕೂಮರಿನ್ ಎಂಬ ಅಣುವಿನ ಪಂಜರ ತೊಡಿಸಿದರೆ ಕಿಣ್ವಗಳಿಗೆ ಅದರ ಗುರುತು ಹತ್ತುವುದಿಲ್ಲ. ಜೀವಂತ ಕೋಶದೊಳಗೆ ಅದು ಸುಮ್ಮನೆ ಕಾದಿರುತ್ತದೆ. ನೇರಳೆ ಬೆಳಕು ಬಿದ್ದ ಕ್ಷಣ ಪಂಜರ ಕಳಚುತ್ತದೆ. 2015ರಲ್ಲಿ ಹೀಗೆ ಬಿಡಿಸಿದಾಗ, ಕೋಶದ ಕಸ ಅರಗಿಸುವ ಚೀಲಗಳಾದ ಲೈಸೊಸೋಮ್‌ಗಳಿಂದ ಕ್ಯಾಲ್ಸಿಯಂ ಚಿಮ್ಮಿತು. ನೀಮನ್-ಪಿಕ್ ಸಿ ಎಂಬ ಆನುವಂಶಿಕ ಕಾಯಿಲೆಯವರ ಕೋಶಗಳಲ್ಲಿ ಅದೇ ಪ್ರತಿಕ್ರಿಯೆ ಸಪ್ಪೆಯಾಗಿತ್ತು. ಆ ಕಾಯಿಲೆಯಲ್ಲಿ ಸ್ಫಿಂಗೊಸಿನ್ ಲೈಸೊಸೋಮ್‌ಗಳಲ್ಲಿ ಕೂಡಿಕೊಳ್ಳುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಆದರೆ ಕೂಡಿಕೊಂಡಿರುವುದನ್ನು ಕಾಣುವುದು ಒಂದು. ಸ್ಫಿಂಗೊಸಿನ್ ಬಂದದ್ದರಿಂದಲೇ ಕ್ಯಾಲ್ಸಿಯಂ ಬಂತು ಎನ್ನುವುದು ಇನ್ನೊಂದು. ಎರಡನೆಯದನ್ನು ಹೇಳಬೇಕಾದರೆ ಕೈ ಹಾಕಲೇಬೇಕು.

2017ರಲ್ಲಿ ಅದೇ ಅಣುವಿಗೆ ಇನ್ನೆರಡು ಪುಟ್ಟ ಬದಲಾವಣೆ ಸೇರಿದವು. ಬಾಲದಲ್ಲಿ ಡಯಾಝಿರಿನ್ ಎಂಬ ಪುಟ್ಟ ಪರಮಾಣು ಗುಂಪು ಇದೆ. ಇನ್ನೂ ಚಿಕ್ಕ ತರಂಗಾಂತರದ ಬೆಳಕು ಬಿದ್ದರೆ ಅದು ಪಕ್ಕದಲ್ಲಿರುವ ಪ್ರೋಟೀನ್‌ಗೆ ಭದ್ರವಾಗಿ ಅಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಎರಡು ಇಂಗಾಲಗಳ ಅಲ್ಕೈನ್ ಇದೆ; ಪ್ರಯೋಗ ಮುಗಿದ ಮೇಲೆ 2022ರಲ್ಲಿ ನೊಬೆಲ್ ಪಡೆದ ಕ್ಲಿಕ್ ರಸಾಯನದಿಂದ ಅಲ್ಲಿಗೆ ಬಣ್ಣ ಸಿಕ್ಕಿಸಬಹುದು. ಅಂದರೆ ಬಣ್ಣದ ಭಾರ ಕೋಶ ಬದುಕಿರುವಾಗ ಇಲ್ಲ, ಎಲ್ಲ ಮುಗಿದ ಮೇಲೆ ಬರುತ್ತದೆ. ಆದರೂ ಕೋಶವನ್ನು ಇದ್ದ ಹಾಗೆ ಬಿಟ್ಟಿರಲಿಲ್ಲ. ಸ್ಫಿಂಗೊಸಿನ್ ಬೇಗ ಬೇರೆ ಲಿಪಿಡ್‌ಗಳಾಗಿ ಮಾರ್ಪಡುವುದರಿಂದ, ಅದನ್ನು ಒಡೆಯುವ ದಾರಿಯ ಕಿಣ್ವವೊಂದಿಲ್ಲದ ಕೋಶಗಳನ್ನು ಬಳಸಿದ್ದರು.

ಈ ವಿಧಾನದ ಮೇಲೆ ಬಲವಾದ ಆಕ್ಷೇಪ ಹುಟ್ಟಿರುವುದು ಇದೇ ಅಂಗಳದಲ್ಲಿ. ಡಯಾಸಿಲ್‌ಗ್ಲಿಸರಾಲ್‌ನ ತಲೆ ಹಾಗೇ ಇದ್ದು ಕೊಬ್ಬಿನಾಮ್ಲದ ಬಾಲ ಮಾತ್ರ ಬದಲಾದರೂ ಕೋಶದೊಳಗಿನ ಅದರ ನಡೆ ಬದಲಾಗುತ್ತದೆ ಎಂದು ಪಂಜರದ ಅಣುಗಳಿಂದಲೇ ಆಂಡ್ರೆ ನಾಡ್ಲರ್ ಮತ್ತಿತರರು ತೋರಿಸಿದ್ದಾರೆ. ಸಹಜ ಬಾಲಗಳ ನಡುವಿನ ವ್ಯತ್ಯಾಸವೇ ಇಷ್ಟು ಮಾಡಿದರೆ, ನಾವು ಸೇರಿಸಿದ ಅಲ್ಕೈನ್ ಏನೂ ಮಾಡುವುದಿಲ್ಲ ಎನ್ನುವುದು ಹೇಗೆ? ಹಾಗೆ ಹೇಳಲಾಗದು. ಬೇರೆ ಬೇರೆ ಕಡೆ ಬದಲಾಯಿಸಿದ ಎರಡು ಅಣುಗಳನ್ನು ಮಾಡಿ, ಇಬ್ಬರೂ ಒಂದೇ ಸಾಕ್ಷಿ ನುಡಿಯುತ್ತಾರೋ ನೋಡಬೇಕು. ಅದೇ ಪಂಜರದಿಂದ ಸಂಬಂಧವಿಲ್ಲದ ಕೊಬ್ಬೊಂದನ್ನೂ ಬಿಡಿಸಿ ನೋಡಬೇಕು. ಮುಟ್ಟಿದ್ದನ್ನು ಮುಚ್ಚಿಡದ ಪ್ರಯೋಗಕ್ಕೆ ಈ ಪರೀಕ್ಷೆ ಸಾಧ್ಯ. ಮುಟ್ಟಿಯೇ ಇಲ್ಲ ಎನ್ನುವವರನ್ನು ಪರೀಕ್ಷಿಸುವುದು ಹೇಗೆ?

ಜೀನ್ ಮೂಲಕ ಮುಟ್ಟುವ ದಾರಿಯೂ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಪಡಿಂಜಾಟ್ ರಘು ಅವರ ತಂಡ ಹಣ್ಣುನೊಣದ ಕಣ್ಣಿನಲ್ಲಿ ಪಿಐಪಿ2ವಿನ ಬೆನ್ನು ಹತ್ತಿದೆ. ಆ ಕಣ್ಣಿನಲ್ಲಿ ಬೆಳಕು ಬಿದ್ದಾಗ ಪಿಐಪಿ2 ತಾನಾಗಿಯೇ ಸೀಳುತ್ತದೆ, ಪಂಜರ ಬೇಕಿಲ್ಲ. ಲಿಪಿಡ್ ಸಾಗಿಸುವ ಆರ್‌ಡಿಜಿಬಿ ಪ್ರೋಟೀನ್ ಕೆಟ್ಟ ನೊಣಗಳಲ್ಲಿ ಖರ್ಚಾದ ಪಿಐಪಿ2 ಮತ್ತೆ ತುಂಬುವುದು ತಡವಾಗಿ, ದೃಷ್ಟಿಕೋಶಗಳು ಸವೆಯುತ್ತವೆ. ಆದರೆ ಇಂಥ ನೊಣ ಹುಟ್ಟಿನಿಂದಲೇ ಆ ಕೊರತೆಯೊಡನೆ ಬೆಳೆದಿರುತ್ತದೆ. ಅಷ್ಟರಲ್ಲಿ ಅದರ ಕೋಶಗಳು ಏನೇನು ಹೊಂದಾಣಿಕೆ ಮಾಡಿಕೊಂಡಿವೆಯೋ. ಬೆಳಕಿನಲ್ಲಿ ಕಳಚುವ ಪಂಜರಕ್ಕೆ ಆ ತೊಂದರೆಯಿಲ್ಲ. ಅದರ ತೊಂದರೆ ಪ್ರಮಾಣದ್ದು: ಕೋಶ ಸಹಜವಾಗಿ ಹೊರಡಿಸುವುದಕ್ಕಿಂತ ಎಷ್ಟೋ ಹೆಚ್ಚು ಲಿಪಿಡ್ ಒಮ್ಮೆಲೇ ಸುರಿದಿರಬಹುದು. ಸುರಿದದ್ದೆಷ್ಟು ಎಂದು ಖಚಿತವಾಗಿ ಹೇಳಬೇಕಾದರೆ ಕೊನೆಗೆ ಕೋಶಗಳನ್ನು ಒಡೆದು ತೂಗುವವರ ಹತ್ತಿರವೇ ಹೋಗಬೇಕು.