ಹಳೆಯ ಚಿತ್ರಗಳಿಗೆ ಹೊಸ ಬಣ್ಣ: ಒಂದು ವಿಚಾರ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೆಂದರೆ ಶುಭಾಶಯಗಳ ಸಂಕಲನ ಮಾತ್ರವಲ್ಲ. ಅದು ಶಾಲೆಯ ದಾಖಲೆಯೂ ಹೌದು. ಗಡಿನಾಡಾದ ಕಾಸರಗೋಡಿನಲ್ಲಿ ಕನ್ನಡ ಶಾಲೆಯೊಂದು ಐವತ್ತು ವರ್ಷ ಬಾಳಿತೆಂಬುದಕ್ಕೆ ಹಾಜರಿ ಪುಸ್ತಕದಂತೆಯೇ ಛಾಯಾಚಿತ್ರಗಳೂ ಸಾಕ್ಷಿ. ಆ ಚಿತ್ರಗಳಿಗೆ ಗಣಕಯಂತ್ರದ ಮೂಲಕ ಬಣ್ಣ ತಿದ್ದುವ ರೂಢಿ ಈಗ ಎಲ್ಲೆಡೆ ಬೆಳೆದಿದೆ. ಅದರ ಕುರಿತು ಎರಡು ಮಾತು ಹೇಳುವುದು ಉಚಿತವೆಂದು ಭಾವಿಸುತ್ತೇನೆ.

ವರ್ಣಚಿತ್ರದ ಕಾಗದದಲ್ಲಿ ಮೂರು ವರ್ಣದ್ರವ್ಯಗಳ ಪದರಗಳಿರುತ್ತವೆ. ಹಳೆಯ ಅನೇಕ ಕಾಗದಗಳಲ್ಲಿ, ಆಲ್ಬಮ್ಮಿನೊಳಗೆ ಇಟ್ಟಿದ್ದರೂ, ಹಸಿರು ಮಿಶ್ರಿತ ನೀಲಿಯ ಪದರ ಮೊದಲು ಮಾಸುತ್ತದೆ. ಆದುದರಿಂದಲೇ 1980ರ ದಶಕದ ಎಷ್ಟೋ ಚಿತ್ರಗಳು ಇಂದು ಕೆಂಪೇರಿ ಕಾಣುತ್ತವೆ. ಅಂತಹ ಒಂದೇ ಚಿತ್ರವನ್ನು ಎರಡು ತಂತ್ರಾಂಶಗಳಿಗೆ ಒಪ್ಪಿಸಿ ‘ತಾನಾಗಿ ಸರಿಪಡಿಸು’ ಎಂದರೆ, ಒಂದರಲ್ಲಿ ಮಕ್ಕಳ ಅಂಗಿ ನೀಲಿಗೆ ತಿರುಗೀತು, ಇನ್ನೊಂದರಲ್ಲಿ ಹಳದಿಗೆ ವಾಲೀತು.

ಇದಕ್ಕೆ ಕಾರಣವಿದೆ. ಆ ದಿನದ ಬಿಸಿಲನ್ನು ಯಂತ್ರವು ಕಂಡಿಲ್ಲ, ಅದು ಊಹಿಸುತ್ತದೆ. ಚಿತ್ರದ ಎಲ್ಲ ಬಣ್ಣಗಳ ಸರಾಸರಿ ಬೂದಿಬಣ್ಣವಾಗಿರಬೇಕೆಂಬುದು ಒಂದು ವಿಧಾನದ ಊಹೆ. ಅತ್ಯಂತ ಬೆಳಗಿದ ಭಾಗವೇ ಬಿಳಿಯೆಂಬುದು ಇನ್ನೊಂದರ ಊಹೆ. ನಮ್ಮ ಮುರಕಲ್ಲಿನ ಗೋಡೆ, ಕೆಂಪು ಮಣ್ಣಿನ ಆಟದ ಬಯಲು ಚಿತ್ರವನ್ನು ತುಂಬಿದ್ದರೆ, ಮೊದಲನೆಯ ವಿಧಾನವು ಈ ನೆಲದ ಸಹಜ ಕೆಂಪನ್ನೇ ದೋಷವೆಂದೆಣಿಸಿ ಅಳಿಸಲು ಹೊರಡುತ್ತದೆ!

ಇನ್ನೊಂದು ತೊಡಕು ಅಳತೆಯದು. ಗಣಕದಲ್ಲಿ ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿಗಳಿಗೆ 0ಯಿಂದ 255ರವರೆಗೆ ಅಂಕಗಳಿವೆ. ಆದರೆ ಹಿಂದೆ ಊರಿಗೊಂದು ಸೇರು ಇದ್ದಂತೆ, ಈ ಅಂಕಗಳಿಗೂ ಹಲವು ಅಳತೆಗಳುಂಟು. 1996ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಸೂಚಿಸಿದ ‘ಎಸ್‌ಆರ್‌ಜಿಬಿ’ 1999ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. 1998ರಲ್ಲಿ ಬಂದ ಅಡೋಬ್ ಸಂಸ್ಥೆಯ ಅಳತೆ ಅದಕ್ಕಿಂತ ವಿಶಾಲವಾದುದು. ಯಾವ ಅಳತೆಯೆಂಬುದನ್ನು ಚಿತ್ರದ ಜೊತೆಗೇ ಬರೆದಿಡುವ ವ್ಯವಸ್ಥೆಯೂ ಇದೆ. ಅದನ್ನು ಓದದ ತಂತ್ರಾಂಶದಲ್ಲಿ, ವಿಶಾಲ ಅಳತೆಯ ಚಿತ್ರವು ಕಳೆಗುಂದಿ ತೋರುತ್ತದೆ. ಮೌಲ್ಯಮಾಪಕರ ಉತ್ತರಸೂಚಿ ಬೇರೆಬೇರೆಯಾದರೆ ಒಂದೇ ಉತ್ತರಪತ್ರಿಕೆಗೆ ಎರಡು ಬಗೆಯ ಅಂಕ ಬರುವುದಿಲ್ಲವೇ?

“ಚಿತ್ರ ಚೆಂದ ಕಂಡರಾಯಿತು, ಬಣ್ಣದ ಜಿಜ್ಞಾಸೆ ಏಕೆ?” ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಮುಂದಿನ ಪೀಳಿಗೆ ನಮ್ಮ ಸಮವಸ್ತ್ರವನ್ನೂ, ಶಾಲೆಯ ಗೋಡೆಯನ್ನೂ ಅರಿಯುವುದು ಈ ಚಿತ್ರಗಳಿಂದಲೇ. ಗಡಿಯಾಚೆಗಿನ ಕನ್ನಡಿಗರಾದ ನಮಗೆ ನಮ್ಮ ದಾಖಲೆಗಳನ್ನು ನಾವೇ ಕಾಯದೆ ಗತಿಯಿಲ್ಲ.

ಆದುದರಿಂದ ನನ್ನ ಸಲಹೆ ಇಷ್ಟೇ. ಮೂಲಚಿತ್ರವನ್ನು ಸ್ಕ್ಯಾನ್ ಮಾಡಿ, ತಿದ್ದದ ಪ್ರತಿಯೊಂದನ್ನು ಪ್ರತ್ಯೇಕವಾಗಿ ಕಾಪಾಡಬೇಕು. ಎಲ್ಲ ಚಿತ್ರಗಳನ್ನೂ ಒಂದೇ ತಂತ್ರಾಂಶದಲ್ಲಿ, ಒಂದೇ ಪರದೆಯ ಮೇಲೆ ತಿದ್ದಿ, ಏನು ಬದಲಾಯಿಸಲಾಯಿತೆಂದು ಬರೆದಿಡಬೇಕು. ಪರದೆಯ ಬೆಳಕೇ ಬೇರೆ, ಮುದ್ರಣದ ಶಾಯಿಯೇ ಬೇರೆ. ಅಚ್ಚಿಗೆ ಮುನ್ನ ಅದೇ ಕಾಗದದ ಮೇಲೆ ಮಾದರಿ ತೆಗೆದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಚಿತ್ರದಲ್ಲಿ ನಿಂತವರನ್ನು ಕೇಳಬೇಕು. ಹಳೆಯ ಸಮವಸ್ತ್ರದ ತುಂಡೊಂದು ಯಾರದಾದರೂ ಪೆಟ್ಟಿಗೆಯಲ್ಲಿದ್ದರೆ, ಅದು ಯಾವ ಯಂತ್ರದ ಊಹೆಗಿಂತಲೂ ಮೇಲಾದ ಸಾಕ್ಷಿ.

ಹಳೆ ವಿದ್ಯಾರ್ಥಿ ಬಂಧುಗಳು ತಮ್ಮಲ್ಲಿರುವ ಚಿತ್ರಗಳನ್ನೂ ನೆನಪುಗಳನ್ನೂ ಶಾಲೆಗೆ ಒದಗಿಸಿ ಈ ಕಾರ್ಯದಲ್ಲಿ ಕೈಜೋಡಿಸಲೆಂದು ವಿನಂತಿಸುತ್ತೇನೆ. ಶಾಲೆಯು ಶತಮಾನೋತ್ಸವವನ್ನು ಕಾಣಲಿ. ಅಂದಿನವರಿಗೆ ನಮ್ಮ ಮಣ್ಣು ತನ್ನ ನಿಜವಾದ ಕೆಂಪಿನಲ್ಲೇ ಕಾಣಲಿ.