ಯಂತ್ರಕ್ಕೆ ಬುದ್ಧಿ ಕೊಡುವವರು ಯಾರು?

ಸಂತೆಮರಹಳ್ಳಿಯ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚಿದ ಹೆಂಗಸರನ್ನು ಕೇಳಿ ನೋಡಿ. ಬಿಸಿನೀರಿನಲ್ಲಿ ಎಳೆ ತುಂಡಾದರೆ ಹುಡುಕಿ ಕೂಡಿಸುವುದು ಬೆರಳು. ಆದರೆ ನೂಲು ಚೆನ್ನಾದರೆ ಹೊಗಳಿಕೆ ಯಂತ್ರಕ್ಕೆ, ಕೆಟ್ಟರೆ ಬೈಗಳು ಬೆರಳಿಗೆ. ಇದೇ ನ್ಯಾಯ ಈಗ ಆಸ್ಪತ್ರೆಗಳಿಗೂ ಬಂದಿದೆ.

ರೋಗಿಗಳ ದಾಖಲೆಯನ್ನು ಗಣಕಯಂತ್ರದಲ್ಲಿ ಇಡುವ ಬಗೆಗೆ ಕೇಂದ್ರ ಸರ್ಕಾರ 2013ರಲ್ಲಿ ಮಾನದಂಡ ಗೊತ್ತುಮಾಡಿ, 2016ರಲ್ಲಿ ತಿದ್ದಿತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಹಬ್ಬಿತು. ಆಭಾ ಎಂಬ 14 ಅಂಕಿಗಳ ಸಂಖ್ಯೆ ಬಂತು. ಚೀಟಿ ಕಳೆದರೂ ವೈದ್ಯರಿಗೆ ರೋಗದ ಚರಿತ್ರೆ ಸಿಕ್ಕಬೇಕೆಂಬ ಉದ್ದೇಶ ಒಳ್ಳೆಯದೇ. ಚೀಟಿಗಳ ಕಟ್ಟು ಹೊತ್ತು ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಅಲೆದವರಾರೂ ಇದನ್ನು ಅಲ್ಲಗಳೆಯರು. ನಾವೂ ಅಲ್ಲಗಳೆಯುವುದಿಲ್ಲ.

ಆದರೆ ದಾಖಲೆ ತಾನಾಗಿಯೇ ಬರೆದುಕೊಳ್ಳುವುದೆ? ಮಾದಪ್ಪನ ಕೃಪೆಯಿಂದ ನಮ್ಮ ಸೀಮೆಯಲ್ಲಿ ಕೇರಿಗೆ ನಾಲ್ವರು ಮಹದೇವಮ್ಮ. ಇವರಲ್ಲಿ ಸಕ್ಕರೆ ಕಾಯಿಲೆಯವಳು ಯಾರು, ಬಾಣಂತಿ ಯಾರು? ಹುಟ್ಟಿದ ತಾರೀಖು ತಿಳಿಯದು. ಕೊಟ್ಟ ಫೋನ್ ನಂಬರು ಬೆಂಗಳೂರಿನಲ್ಲಿರುವ ಮಗನದು. ನೋಂದಣಿಗೆ ಕುಳಿತ ಚುರುಕು ಹೆಣ್ಣುಮಗಳು "ಯಾವೂರವ್ವ, ಯಜಮಾನರ ಹೆಸರೇನು?" ಎಂದು ಇನ್ನೊಂದು ಮಾತು ಕೇಳಿದರೆ ಮಾತ್ರ ದಾಖಲೆ ಸರಿಯಾದ ಮಹದೇವಮ್ಮನನ್ನು ಸೇರುತ್ತದೆ. ಪೆನಿಸಿಲಿನ್ ಒಗ್ಗದವಳ ಎಚ್ಚರಿಕೆ ಇನ್ನೊಬ್ಬಳ ಪುಟಕ್ಕೆ ಬಿದ್ದರೆ ಹೋಗುವುದು ಲೆಕ್ಕವಲ್ಲ, ಪ್ರಾಣ.

ಬುದ್ಧಿಯುಳ್ಳ ನೌಕರರಿಗೆ ಹೊಸ ಪದ್ಧತಿ ತೃಪ್ತಿ ಕೊಡುತ್ತದೆ, ಮಂದಬುದ್ಧಿಯವರೇ ಗೊಣಗುತ್ತಾರೆ ಎನ್ನುವ ಪಂಡಿತರಿದ್ದಾರೆ. ಅರ್ಧ ನಿಜ. ಚುರುಕಾದವರು ಬೇಗ ಕಲಿಯುತ್ತಾರೆ, ಸರಿ. ಆದರೆ ಅದರ ಕುಂದನ್ನು ಮೊದಲು ಕಾಣುವವರೂ ಅವರೇ. ಪುಸ್ತಕದಲ್ಲಿ ಬರೆದದ್ದನ್ನೇ ಮತ್ತೆ ಯಂತ್ರಕ್ಕೆ ಬರೆಯಿಸಿ, ಪರದೆಯ ತುಂಬ ಇಂಗ್ಲಿಷ್ ತುಂಬಿ, ಕರೆಂಟು ಹೋದಾಗ ಸರದಿಯ ಬೈಗಳನ್ನು ಅವರ ತಲೆಗೇ ಕಟ್ಟಿದರೆ ಯಾವ ಬುದ್ಧಿವಂತನಿಗೆ ತೃಪ್ತಿಯಾದೀತು? 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ನಮ್ಮ ಅಂಗಡಿಯವರು ಗೊಣಗಿದ್ದು ಲೆಕ್ಕ ಬಾರದೆ ಅಲ್ಲ.

ಇನ್ನೊಂದು ಮಾತು. ಈ ಕೆಲಸಕ್ಕೆ ಎಷ್ಟೋ ಕಡೆ ಕೂರಿಸಿರುವುದು ಹೊರಗುತ್ತಿಗೆಯವರನ್ನು. ಯಾವ ಮಹದೇವಮ್ಮ ಯಾರೆಂದು ಅವರು ಕಲಿಯುವ ಹೊತ್ತಿಗೆ ಗುತ್ತಿಗೆದಾರ ಬದಲಾಗಿರುತ್ತಾನೆ. ಕಲಿತ ಬುದ್ಧಿ ಮನೆಗೆ ಹೋಗುತ್ತದೆ. ಅವರನ್ನು ಕಾಯಂ ಮಾಡಲಿ. ಪರದೆ ಕನ್ನಡದಲ್ಲಿರಲಿ. ಮುಂದಿನ ತಂತ್ರಾಂಶ ಕೊಳ್ಳುವ ಸಭೆಗೆ ಒಬ್ಬ ದಾದಿಯನ್ನೂ ನೋಂದಣಿಯ ಒಬ್ಬ ನೌಕರನನ್ನೂ ಕರೆದು ಕುರ್ಚಿ ಕೊಡಲಿ. ತೃಪ್ತಿಯ ಮಾತನ್ನು ಆಮೇಲೆ ಕೇಳಲಿ.