ಇಪ್ಪತ್ತು ಕೋಣೆ, ನಲವತ್ತು ಹಾಸಿಗೆ

ನಾವು ಸ್ಪೇನಿಗೆ ಹೋಗಿ ಬಂದ ಸುದ್ದಿ ದೇವರಾಜ ಅರಸು ಬಡಾವಣೆಯ ಪಾರ್ಕಿಗೆ ನಮಗಿಂತ ಮೊದಲೇ ತಲುಪಿತ್ತು. ಬೆಳಗಿನ ವಾಕಿಂಗ್ ಗೆಳೆಯರು "ಸಮುದ್ರ ಹೆಂಗಿತ್ತು?" ಎಂದು ಕೇಳಲಿಲ್ಲ. "ರೂಮಿಗೆ ಎಷ್ಟು ಬಿತ್ತು?" ಎಂದು ಕೇಳಿದರು. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತ ನಾನು ಅದನ್ನು ತಪ್ಪೆನ್ನಲಾರೆ. ಒಂದು ಕೋಣೆಗೆ ರಾತ್ರಿಯೊಂದಕ್ಕೆ 210 ಯೂರೋ, ಅಂದರೆ ಹೆಚ್ಚೂಕಡಿಮೆ 20 ಸಾವಿರ ರೂಪಾಯಿ. ಅಂಥವು ಎರಡು ಕೋಣೆ, ನಾಲ್ಕು ರಾತ್ರಿ. ಕೊಟ್ಟವರು ಮಗಳು, ಅಳಿಯ. ಅಷ್ಟು ದುಡ್ಡಿಗೆ ದಾವಣಗೆರೆಯಲ್ಲಿ ಎಷ್ಟು ಬೆಣ್ಣೆದೋಸೆ ಬರುತ್ತವೆಂದು ಒಬ್ಬರು ನಿಂತಲ್ಲೇ ಲೆಕ್ಕ ಹಾಕಿ ಹೇಳಿದರು. ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಮಗಳೂ ಈ ಪುಟ ಓದುತ್ತಾಳೆ.

ಮಗಳ ಸಂಸಾರ ಇರುವುದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ಅಲ್ಲಿನವರಿಗೆ ಬಿಸಿಲೆಂದರೆ ಹಬ್ಬ. ರಜೆ ಸಿಕ್ಕರೆ ಸಾಕು, ಸ್ಪೇನಿನ ಕಡಲಿಗೆ ಓಡುತ್ತಾರೆ. ನಮ್ಮೂರಿನ ಏಪ್ರಿಲ್ ಬಿಸಿಲನ್ನು ಎಪ್ಪತ್ತು ವರ್ಷ ಉಂಡವರು ಬಿಸಿಲು ನೋಡಲು ವಿಮಾನ ಹತ್ತಬೇಕೆಂದಾಗ ನನಗೂ ನಮ್ಮನೆಯವಳಿಗೂ ನಗು ತಡೆಯಲಾಗಲಿಲ್ಲ. ಆದರೂ ಮೊಮ್ಮಗನ ಹಟ, ಹೊರಟೆವು.

ಮಕ್ಕಳೇ, ಮನೆಯಲ್ಲಿ ಭೂಪಟವಿದ್ದರೆ ತೆಗೆಯಿರಿ. ಯುರೋಪಿನ ನೈಋತ್ಯ ಮೂಲೆಯಲ್ಲಿ ಚೌಕಾಕಾರದ ದೇಶವೊಂದು ಕಾಣುತ್ತದಲ್ಲ, ಅದು ಸ್ಪೇನ್. ಅದರ ಪೂರ್ವದ ಅಂಚಿಗೆ ಮೆಡಿಟರೇನಿಯನ್ ಸಮುದ್ರ. ಆ ಕರಾವಳಿಯಲ್ಲಿ ಅಲಿಕಾಂತೆ ಎಂಬ ಊರಿದೆ. ಅಲ್ಲಿ ವಿಮಾನ ಇಳಿದು ಮುಕ್ಕಾಲು ಗಂಟೆ ಕಾರಿನಲ್ಲಿ ಹೋದರೆ ಬೆನಿಡಾರ್ಮ್. ಸುಮಾರು 70 ವರ್ಷಗಳ ಹಿಂದೆ ಅದು ಟ್ಯೂನಾ ಮೀನು ಹಿಡಿಯುವವರ ಸಣ್ಣ ಊರು. 1950ರ ದಶಕದಲ್ಲಿ ಪೆದ್ರೊ ಸರಗೋಸಾ ಎಂಬುವರು ಅಲ್ಲಿನ ಮೇಯರ್ ಆದರು. ಮೀನಿಗಿಂತ ಬಿಸಿಲನ್ನು ಮಾರಿದರೆ ಊರು ಬದುಕೀತು ಎಂಬುದು ಅವರ ಲೆಕ್ಕ. ಪರದೇಶದ ಹೆಂಗಸರು ಈಜುಡುಗೆಯಲ್ಲಿ ದಂಡೆಯ ಮೇಲೆ ಓಡಾಡಬಹುದು ಎಂದು ಅವರು ಅಪ್ಪಣೆ ಕೊಟ್ಟಾಗ ಪಾದ್ರಿಗಳು ಕೆರಳಿದರಂತೆ. ಸರಗೋಸಾ ತಮ್ಮ ವೆಸ್ಪಾ ಸ್ಕೂಟರ್ ಏರಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಮ್ಯಾಡ್ರಿಡ್‌ಗೆ ಹೋಗಿ, ಸರ್ವಾಧಿಕಾರಿ ಫ್ರಾಂಕೋನ ಎದುರೇ ನಿಂತು ಒಪ್ಪಿಗೆ ತಂದರೆಂಬ ಕಥೆ ಆ ಊರಲ್ಲಿ ಎಲ್ಲರ ಬಾಯಲ್ಲೂ ಇದೆ. 1956ರಲ್ಲಿ ಊರಿನ ಹೊಸ ನಕ್ಷೆ ಆಯಿತು. ಆಮೇಲೆ ಕಟ್ಟಡಗಳು ಮೇಲೆ ಮೇಲೆ ಬೆಳೆದವು. 2002ರಲ್ಲಿ ತೆರೆದ ಒಂದು ಹೋಟೆಲು 186 ಮೀಟರ್ ಎತ್ತರ. ನಮ್ಮ ಮುರ್ಡೇಶ್ವರದ ರಾಜಗೋಪುರದ ಮೇಲೆ ಅಂಥದೇ ಇನ್ನೊಂದು ಗೋಪುರ ಇಟ್ಟರೂ ಅದರ ತಲೆ ಮುಟ್ಟುವುದಿಲ್ಲ.

ನಾವು ಇಳಿದದ್ದು ಅಷ್ಟು ಎತ್ತರದ್ದಲ್ಲ. ಹೆಸರೇನೂ ಬೇಡ, ಹೋಟೆಲು ಚೆನ್ನಾಗಿಯೇ ಇತ್ತು. ಹದಿನಾಲ್ಕನೇ ಮಹಡಿಯ ಬಾಲ್ಕನಿಗೆ ಬಂದರೆ ಎದುರಿಗೆ ಬರೀ ನೀಲಿ. ಕೆಳಗೆ ಈಜುಕೊಳ. ಅದರಿಂದ ಐವತ್ತು ಹೆಜ್ಜೆಗೆ ಸಮುದ್ರ. "ಮುಂದ್ಗಡೆ ಇಷ್ಟು ನೀರಿಟ್ಕೊಂಡು ಇವರ್ಯಾಕ್ರೀ ತೊಟ್ಟಿ ಕಟ್ಟಿಸ್ಯಾರೆ?" ಎಂದಳು ನಮ್ಮನೆಯವಳು. ಉತ್ತರ ಇವತ್ತಿಗೂ ನನ್ನಲ್ಲಿಲ್ಲ. ಮರಳು ಮಾತ್ರ ಹೋಟೆಲಿನದಲ್ಲ. ಕಡಲ ದಂಡೆ ಎಲ್ಲರ ಸ್ವತ್ತು ಎಂದು 1988ರ ಸ್ಪೇನಿನ ಕಾನೂನು ಹೇಳುತ್ತದೆ. ಹಾಗಾಗಿ 20 ಸಾವಿರ ಕೊಟ್ಟ ನಮ್ಮ ಪಕ್ಕದಲ್ಲೇ, ಮನೆಯಿಂದ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದ ಮುದುಕಿಯರು ಮಡಚುವ ಕುರ್ಚಿ ಹಾಕಿಕೊಂಡು ಇಸ್ಪೀಟು ಆಡುತ್ತಿದ್ದರು. ಅದು ನನಗೆ ಬಹಳ ಹಿಡಿಸಿತು.

ಬೆಳಗಿನ ತಿಂಡಿಯ ಮೇಜು ಒಂದು ಮದುವೆಮನೆಯಷ್ಟು ಉದ್ದ. ಮಾಂಸ, ಮೀನು, ಮೊಟ್ಟೆ ದಾಟಿ ಮುಂದೆ ಹೋದರೆ ನಮ್ಮಂಥವರಿಗೂ ಅನ್ನ ನೀರು ಉಂಟು. ಸುಟ್ಟ ರೊಟ್ಟಿಯ ಮೇಲೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಸುರಿದು ಕೊಡುತ್ತಾರೆ, ಸೊಗಸು. ಹತ್ತಿರದ ಹಿಹೋನಾ ಎಂಬ ಊರಿನ 'ತುರೋನ್' ಬಾದಾಮಿ, ಜೇನು ಹಾಕಿ ಮಾಡಿದ್ದು, ಶೇಂಗಾ ಚಿಕ್ಕಿಯ ಶ್ರೀಮಂತ ಅಣ್ಣ. ಖಾರ ಮಾತ್ರ ಇಲ್ಲವೇ ಇಲ್ಲ. ಇದೊಂದು ತಮಾಷೆ ನೋಡಿ. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಕೊಲಂಬಸ್‌ನ ಹಡಗುಗಳು ಅದನ್ನು ಮೊದಲು ತಂದದ್ದು ಇದೇ ಸ್ಪೇನಿಗೆ. ಆಮೇಲೆ ಪೋರ್ಚುಗೀಸರ ಮೂಲಕ ನಮ್ಮ ಕಡೆಗೆ ಬಂತು. ಅವರು ಹೋಗಿ ತಂದರು, ಬಜ್ಜಿ ಮಾಡಿ ಮಂಡಕ್ಕಿ ಜೊತೆ ತಿನ್ನುವ ಭಾಗ್ಯ ದಾವಣಗೆರೆಗೆ ಬಂತು. ಪೆಟ್ಟಿಗೆಯಲ್ಲಿದ್ದ ಶೇಂಗಾ ಚಟ್ನಿಪುಡಿ ಎರಡನೇ ದಿನವೇ ಹೊರಬಂತು.

ಈಗ ನಾನು ಹೇಳಬೇಕೆಂದು ಕೂತ ವಿಷಯಕ್ಕೆ ಬರುತ್ತೇನೆ.

ಬ್ಯಾಂಕಿನ ನೌಕರಿಯಲ್ಲಿದ್ದಾಗ ಎಲ್‌ಎಫ್‌ಸಿ ಅಂತ ಪ್ರವಾಸದ ಸವಲತ್ತು ಇತ್ತು. ಅದರಲ್ಲಿ ಪುರಿ, ಕನ್ಯಾಕುಮಾರಿ ಎಲ್ಲ ಸುತ್ತಿದ್ದೇವೆ. ಛತ್ರವೋ ಲಾಡ್ಜೋ, ಎಲ್ಲೇ ಇಳಿದರೂ ನಮ್ಮನೆಯವಳು ಮನೆಯಿಂದ ತಂದ ದುಪ್ಪಟಿ ಹಾಸಿಯೇ ಮಲಗಲು ಬಿಡುತ್ತಿದ್ದದ್ದು. ಎದ್ದ ಕೂಡಲೇ ಅದನ್ನು ಕೊಡವಿ ಮಡಚಬೇಕು. ಹಾಸಿಗೆ ಬಿಟ್ಟು ಎದ್ದು ಹೋಗುವುದು ಅವಳ ಪ್ರಕಾರ ಉಂಡ ಎಲೆ ಬಿಟ್ಟು ಹೋದಂತೆ. ಬೆನಿಡಾರ್ಮಿನಲ್ಲೂ ಮೊದಲ ದಿನ ಐದೂವರೆಗೆ ಎದ್ದು ಹಾಸಿಗೆ ಸರಿಮಾಡಿದಳು. ಅವು ಎರಡು ಮಂಚ ಜೋಡಿಸಿದ ದೊಡ್ಡ ಹಾಸಿಗೆಗಳು. ಹೊದಿಕೆಯ ತುದಿ ಒಳಗೆ ಸಿಕ್ಕಿಸಲು ಮೂಲೆ ಎತ್ತಿದಾಗ "ಅವ್ವಯ್ಯಾ!" ಎಂದು ಸೊಂಟ ಹಿಡಿದುಕೊಂಡಳು. ನಾನೂ ಎತ್ತಿ ನೋಡಿದೆ. ನಮ್ಮ ಶಾಖೆಯ ಹಳೆಯ ಲೆಡ್ಜರುಗಳು ನೆನಪಾದವು. ನನ್ನ ಬಲಭುಜ ಅವುಗಳಿಂದಲೇ ಹೋದದ್ದು.

ಮಗಳಿಗೆ ಸಿಟ್ಟು. "ಅಮ್ಮಾ, ಅದನ್ನ ಮಾಡೋಕೆ ಬೇರೆಯವರಿದ್ದಾರೆ, ನಾವು ದುಡ್ಡು ಕೊಟ್ಟಿದ್ದೀವಿ." ನಮ್ಮನೆಯವಳದು ಒಂದೇ ಮಾತು: "ಮಾಡೋರಿಗೂ ಸೊಂಟ ಐತಲ್ಲ."

ಆ ಬೇರೆಯವರು ಹತ್ತು ಗಂಟೆಗೆ ಗಾಡಿ ತಳ್ಳಿಕೊಂಡು ಬಂದರು. ಐವತ್ತು ದಾಟಿದ ಹೆಂಗಸು, ಗಿಡ್ಡ ಆಳು, ಮಣಿಕಟ್ಟಿಗೆ ಪಟ್ಟಿ. ಸರಿಮಾಡಿದ ಹಾಸಿಗೆ ನೋಡಿ ನಕ್ಕರು. ಆಮೇಲೆ ಎಲ್ಲವನ್ನೂ ಎಳೆದು ಬಿಚ್ಚಿ ಮತ್ತೆ ಮೊದಲಿನಿಂದ ಹಾಸಿದರು! ನಮ್ಮನೆಯವಳ ಮುಖ ಸಣ್ಣಗಾಯಿತು. ಅಳಿಯಂದಿರು ಮೊಬೈಲಿನ ಭಾಷಾಂತರ ತೆಗೆದರು. ಆಕೆ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದವರು, ಅಲ್ಲಿಯದೂ ಸ್ಪ್ಯಾನಿಷ್ ಭಾಷೆಯೇ. ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತಂತೆ. ಮೊಬೈಲು ತನಗೆ ತೋಚಿದ ಕನ್ನಡದಲ್ಲಿ ಹೇಳಿದ್ದರ ಸಾರ ಇಷ್ಟು: ಹಾಸಿಗೆ ಹೇಗಿರಬೇಕೆಂಬುದಕ್ಕೆ ಹೋಟೆಲಿನ ನಿಯಮವಿದೆ, ಮೇಲ್ವಿಚಾರಕರು ಬಂದು ನೋಡುತ್ತಾರೆ, ಅತಿಥಿ ಹಾಸಿದ್ದನ್ನು ಬಿಚ್ಚಲೇಬೇಕು. ಅಮ್ಮನಿಗೆ ಸಹಾಯ ಮಾಡುವ ಮನಸ್ಸಿದ್ದರೆ ಹಾಸಬೇಡಿ, ಹೊದಿಕೆ ದಿಂಬಿನ ಚೀಲ ಎಲ್ಲ ಬಿಚ್ಚಿ ಬಾಗಿಲ ಹತ್ತಿರ ಗುಡ್ಡೆ ಹಾಕಿ, ಒದ್ದೆ ಟವೆಲನ್ನು ಸ್ನಾನದ ತೊಟ್ಟಿಯೊಳಗೆ ಹಾಕಿ, ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿಡಿ. ಬಗ್ಗುವುದು ಅಷ್ಟು ಉಳಿಯುತ್ತದೆ.

ದಿನಕ್ಕೆ ಎಷ್ಟು ಕೋಣೆ ಎಂದು ಕೇಳಿಸಿದೆ. ಇಪ್ಪತ್ತು ಎಂದು ಎರಡು ಕೈ ಬೆರಳು ಎರಡು ಸಲ ತೋರಿಸಿದರು. ಹಳೆಯ ಗುಮಾಸ್ತನ ಚಾಳಿ, ಲೆಕ್ಕ ಹಾಕಿದೆ. ಕೋಣೆಗೆ ಎರಡರಂತೆ 40 ಹಾಸಿಗೆ. ಒಂದಕ್ಕೆ ನಾಲ್ಕು ಮೂಲೆ. ದಿನಕ್ಕೆ 160 ಸಲ ಲೆಡ್ಜರು ಎತ್ತಿದ ಹಾಗೆ. ಇದರಲ್ಲಿ ಬಚ್ಚಲು ತೊಳೆಯುವುದು, ಕನ್ನಡಿ ಒರೆಸುವುದು, ನೆಲ ಸಾರಿಸುವುದು ಸೇರಿಲ್ಲ.

ಅಳಿಯಂದಿರು ಆ ರಾತ್ರಿ ಇದರ ಬಗ್ಗೆ ಇನ್ನಷ್ಟು ಓದಿ ಹೇಳಿದರು. ಸ್ಪೇನಿನಲ್ಲಿ ಇಂಥ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡಿದ್ದಾರೆ. ಹೆಸರು 'ಲಾಸ್ ಕೆಲ್ಲಿಸ್'. ಸ್ಪ್ಯಾನಿಷ್‌ನಲ್ಲಿ 'ಸ್ವಚ್ಛ ಮಾಡುವವರು' ಎಂಬ ಮಾತನ್ನೇ ತುಂಡರಿಸಿ ಮಾಡಿದ ತುಂಟ ಹೆಸರು ಅದು. 2014ರ ಹೊತ್ತಿಗೆ ಮೊಬೈಲಿನಲ್ಲಿ ಕಷ್ಟಸುಖ ಮಾತಾಡಿಕೊಳ್ಳುತ್ತಾ ಶುರುವಾದದ್ದು. 2012ರಲ್ಲಿ ಅಲ್ಲಿನ ಕಾರ್ಮಿಕ ಕಾನೂನು ಬದಲಾದ ಮೇಲೆ ಅನೇಕ ಹೋಟೆಲುಗಳು ಈ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟವು. ಒಂದು ಕೋಣೆಗೆ ಎರಡು, ಮೂರು ಯೂರೋ ಸಿಕ್ಕರೆ ಹೆಚ್ಚು ಎಂಬುದು ಇವರ ದೂರು. ಕೋಣೆಗೆ 210 ಕೊಟ್ಟ ನಮ್ಮ ಕಿವಿಗೆ ಆ ಎರಡು, ಮೂರು ಹೇಗೆ ಕೇಳಿಸಿತೆಂದು ಬಿಡಿಸಿ ಹೇಳಬೇಕಿಲ್ಲ. ಅವರು ಬೀದಿಗಿಳಿದರು, 2018ರಲ್ಲಿ ಪ್ರಧಾನಿಯನ್ನೇ ಕಂಡು ಮಾತಾಡಿ ಬಂದರು. 2021ರ ಕೊನೆಯಲ್ಲಿ ಕಾನೂನು ಮತ್ತೆ ತಿದ್ದುಪಡಿಯಾಗಿ, ಗುತ್ತಿಗೆಯವರಿಗೂ ಕನಿಷ್ಠ ಆ ಕಸುಬಿನ ಸಾಮಾನ್ಯ ಒಪ್ಪಂದದ ಸಂಬಳ ಕೊಡಬೇಕೆಂದಾಯಿತು. ಸ್ಪೇನಿಗೇ ಸೇರಿದ ಬಾಲಿಯಾರಿಕ್ ದ್ವೀಪಗಳಲ್ಲಿ 2022ರಲ್ಲಿ ಇನ್ನೊಂದು ಕಾನೂನು ಬಂತು. ದೊಡ್ಡ ಹೋಟೆಲುಗಳು ಮೇಲೆ ಏರಿಸಿ ಇಳಿಸುವ ಮಂಚಗಳನ್ನೇ ಹಾಕಬೇಕು, ಹಾಸುವವರು ಬಗ್ಗಬಾರದು. ಮಂಚದ ಎತ್ತರಕ್ಕಾಗಿ ಒಂದು ಕಾನೂನು! ಯೂನಿಯನ್ ಚಂದಾ ಕಟ್ಟುತ್ತಲೇ ನಿವೃತ್ತನಾದ ನನಗೆ ಅಂದು ಒಳ್ಳೆಯ ನಿದ್ದೆ ಬಂತು.

ಇಲ್ಲೊಂದು ಮಾತು. ನಮ್ಮ ಬ್ಯಾಂಕುಗಳಲ್ಲಿ 'ಪಾರ್ಟ್‌ಟೈಮ್ ಸ್ವೀಪರ್' ಎಂಬ ಹುದ್ದೆ ಇತ್ತು. ಪೂರ್ತಿ ಸಂಬಳದ ಮೂರನೇ ಒಂದು ಪಾಲು, ಅರ್ಧ, ಮುಕ್ಕಾಲು ಎಂದು ಅದಕ್ಕೆ ಮೆಟ್ಟಿಲುಗಳು. ನಮ್ಮ ಶಾಖೆ ಗುಡಿಸುತ್ತಿದ್ದ ಅಮ್ಮ ಮೂರನೇ ಒಂದರಿಂದ ಅರ್ಧಕ್ಕೆ ಏರಿದ ದಿನ ಎಲ್ಲರಿಗೂ ಮಂಡಕ್ಕಿ ಹಂಚಿದ್ದಳು. ನಾವು ಬಡ್ತಿ ಸಿಕ್ಕಾಗ ಹಂಚಿದ ಪೇಢೆಗಿಂತ ಅದರ ರುಚಿ ಹೆಚ್ಚಿತ್ತು. ಉಳುವವನೇ ಹೊಲದೊಡೆಯ ಎಂದ ಅರಸರ ಹೆಸರಿನ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವನಿಗೆ ಇಂಥವು ಸುಮ್ಮನೆ ನೆನಪಾಗುತ್ತಿರುತ್ತವೆ.

ಮರುದಿನದಿಂದ ನಮ್ಮ ಕೋಣೆಯ ಕೆಲಸದ ಕ್ರಮವೇ ಬದಲಾಯಿತು. ನಮ್ಮನೆಯವಳು ಹೊದಿಕೆ ಬಿಚ್ಚುವವಳು, ನಾನು ಮಂಚ ಎಳೆಯುವವನು, ಒಂಬತ್ತು ವರ್ಷದ ಮೊಮ್ಮಗ ದಿಂಬಿನ ಚೀಲ ಕಳಚುವವನು. ಅವನಿಗೆ ಅದು ಈಜುಕೊಳಕ್ಕಿಂತ ದೊಡ್ಡ ಆಟವಾಯಿತು. ಎಷ್ಟು ನಿಮಿಷದಲ್ಲಿ ಮುಗಿಯಿತೆಂದು ಗಡಿಯಾರ ನೋಡಿ ಕೂಗುತ್ತಿದ್ದ. ಮಗಳು ಒಂದು ದಿನ ಮುನಿಸಿಕೊಂಡಿದ್ದಳು. ಮೂರನೇ ಬೆಳಿಗ್ಗೆ ಪಕ್ಕದ ಕೋಣೆಯಲ್ಲೂ ಮಂಚ ಎಳೆಯುವ ಸದ್ದು ಕೇಳಿಸಿತು. ನಾವು ಏನೂ ಕೇಳದವರಂತೆ ಇದ್ದೆವು.

ಮೇಜಿನ ಮೇಲೆ ಟವೆಲುಗಳ ಬಗ್ಗೆ ಒಂದು ಚೀಟಿ ಇತ್ತು: ಟವೆಲನ್ನು ಮತ್ತೆ ಬಳಸುವುದಾದರೆ ತೂಗುಹಾಕಿ, ನೀರು ಉಳಿಸಿ. ಅದು ಬರೀ ಅಲಂಕಾರದ ಮಾತಲ್ಲ. 1978ರ ಬರದಲ್ಲಿ ಈ ಊರಿಗೆ ಹಡಗಿನಲ್ಲಿ ಕುಡಿಯುವ ನೀರು ತರಿಸಬೇಕಾಗಿತ್ತು. ಬೇಸಿಗೆಯಲ್ಲಿ ನಲ್ಲಿಯ ಸದ್ದಿಗೆ ಕಿವಿ ಕೊಟ್ಟು ಮಲಗುವ ನಮಗೆ ಅದನ್ನು ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ. ನಾಲ್ಕು ದಿನಕ್ಕೆ ತಲೆಗೊಂದೇ ಟವೆಲು.

ಹೊರಡುವ ದಿನ ನಮ್ಮನೆಯವಳು ಪೆಟ್ಟಿಗೆಯ ತಳದಿಂದ ಒಂದು ಇಳಕಲ್ ಖಣ ತೆಗೆದಳು. ಜರ್ಮನಿಯಲ್ಲಿ ಯಾರಿಗಾದರೂ ಉಡಿ ತುಂಬಬೇಕಾದೀತು ಎಂದು ಊರಿಂದ ತಂದದ್ದು. ಅದರೊಳಗೆ ಉಳಿದಿದ್ದ ಐದು ಶೇಂಗಾ ಉಂಡೆ, ಮಡಚಿದ ಇಪ್ಪತ್ತು ಯೂರೋ ನೋಟು ಇಟ್ಟಳು. ಉಡಿ ತುಂಬುವುದಕ್ಕೆ ಆಕೆಗೆ ಸೆರಗಿಲ್ಲ, ಕೆಲಸದ ಏಪ್ರನ್ ಮಾತ್ರ. ಏಪ್ರನ್ನಿನ ತುದಿ ಹಿಡಿಯುವಂತೆ ಕೈಸನ್ನೆ ಮಾಡಿದಳು. ಆಕೆಗೆ ಹೇಗೆ ತಿಳಿಯಿತೋ, ಎರಡೂ ಕೈಯಲ್ಲಿ ತುದಿ ಹಿಡಿದು ನಿಂತರು. ಈ ಸಲ ಮೊಬೈಲು ಯಾರೂ ತೆಗೆಯಲಿಲ್ಲ. ಉಂಡೆಯೊಂದನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ಏನೋ ಹೇಳಿದರು. 'ತುರೋನ್' ಎಂಬುದೊಂದು ಮಾತು ಮಾತ್ರ ನಮಗೆ ತಿಳಿಯಿತು. ಖಣವನ್ನು ಬಿಡಿಸಿ ಬೆಳಕಿಗೆ ಹಿಡಿದು ಅಂಚು ಸವರಿದರು. ಕುತ್ತಿಗೆಗೆ ಸುತ್ತಿಕೊಂಡು ಗಾಡಿ ತಳ್ಳಿಕೊಂಡು ಮುಂದಿನ ಬಾಗಿಲು ತಟ್ಟಿದರು. ಅವರ ಪಟ್ಟಿಯಲ್ಲಿ ಆ ಹೊತ್ತಿಗೆ ಇನ್ನೂ ಹದಿನಾಲ್ಕು ಕೋಣೆ ಬಾಕಿ ಇದ್ದವು.